ನಲವತ್ತು ಕುದುರಿ ಗಾಡಿ

...ಅಲ್ಲೋ ತಮ್ಮಾ, ಹೊಸ ಗಾಡಿ ತಂದು ಎಚ್‌ಪಿ ಎಚ್‌ಪಿ ಅಂತ ಮುಂಜಾನಿಂದ ಬಡ್ಕೊಳ್ಳಾಕತ್ತೀಯಲ್ಲ, ನಿನ್ನ ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋಗಿ ಎಷ್ಟು ದಿನಾತು? ಇರ್ಲಿ, ಅದು ಆಮ್ಯಾಲ. ಮೊದ್ಲು ಈ ಅಜ್ಜನ ಗಾಡಿ ಕತಿ ಕೇಳು. ನನ್ನ ಗಾಡಿ ಅಂದ್ರ ನಂದಲ್ಲ, ಆದೋನ್ಯಾಗ ಹತ್ತಿ ಬಿಡಿಸೋ ಜಿನ್ನಿನ ಸಾವ್ಕಾರಂದು, ನಾ ಬರೇ ಡ್ರೈವರ್ರು. ಎಪ್ಪತ್ತನೇ ಇಸವಿ ಮ್ಯಾಲ ಇರ್ಬೇಕು, ಮದಿವಿ ಆದ ಹೊಸದ್ರಾಗ. ಡೀಸಲ್ ಪಿಕಪ್ಪು. ಬಾನೆಟ್ ಎತ್ತಿದ್ರ ಒಂದು ಹಿತ್ತಾಳಿ ಬಿಲ್ಲಿ, ಅದರ ಮ್ಯಾಲ ನಲವತ್ತು ಎಚ್‌ಪಿ ಅಂತ ಕೊರ್ದಿದ್ರು. ದಿನಾ ಅದನ್ನ ಒರಸ್ತಿದ್ದೆ. ಎಚ್‌ಪಿ ಅಂದ್ರ ಕುದುರಿ ಬಲ ಅಂತ ಯಾರೋ ಹೇಳಿದ್ರು, ಆತು, ನಾ ಲೆಕ್ಕ ಹಾಕೇಬಿಟ್ಟೆ. ನಮ್ಮೂರು ನಂದವರದಾಗ ಎರಡು ಎತ್ತು ಹತ್ತು ಚೀಲ ಜ್ವಾಳ ಎಳೀತಾವ, ನಲವತ್ತು ಕುದುರಿ ಅಂದ್ರ ಊರನ್ನಾ ಎಳೀತಾವಲ್ಲ!

ನಿಮ್ಮ ಅಜ್ಜಿನ್ನ ತವರು ಮದ್ದಿಕೇರಿಂದ ಮನಿ ತುಂಬಿಸ್ಕೊಳ್ಳೋ ದಿನ ಸಾವ್ಕಾರನ್ನ ಕೇಳಿ ಅದಾ ಗಾಡಿ ಒಯ್ದೆ. ಮಾವ ನೋಡಿ, "ಏಮಯ್ಯಾ ಅಳಿಯಾ, ಇಷ್ಟು ಸಣ್ಣ ಗಾಡಿ, ಸರಿಪೋತುಂದಾ, ಸಾಕಾಗ್ತೈತಾ?" ಅಂದ. ನಾ ಬಾನೆಟ್ ಎತ್ತಿ ಬಿಲ್ಲಿ ತೋರ್ಸಿ, "ನೋಡ್ರಿ ಮಾವಾ, ಒಳಗ ನಲವತ್ತು ಕುದುರಿ ಅದಾವ!" ಅಂದೆ. ಅಷ್ಟಾ ಸಾಕಾತು. ಬೀಸೋ ಕಲ್ಲು, ಒಳ್ಳು, ಮಂಚ, ಟ್ರಂಕು, ಜ್ವಾಳದ ಚೀಲ ಇಪ್ಪತ್ತು... ಇಪ್ಪತ್ತಲ್ಲ, ಇಪ್ಪತ್ತೆರಡು, ಅದರ ಮ್ಯಾಲ ಮಾವ, ಅತ್ತಿ, ಇನ್ನಿಬ್ರು ಬೀಗ್ರು. ಬ್ಯಾಡ ಅಂತ ಹೆಂಗನ್ಲಿ, ಬಡಾಯಿ ಕೊಚ್ಚಿಬಿಟ್ಟಿದ್ದೆನಲ್ಲ.

ಪತ್ತಿಕೊಂಡ ದಾಟಿದ ಮ್ಯಾಲ ಒಂದು ಏರು. ಅರ್ಧಕ್ಕ ಹೋಗಿ ಗಾಡಿ ಗಡಗಡ ನಡುಗ್ತು, ಕರ್ರನ ಹೊಗಿ ಬಿಡ್ತು, ನಿಂತ್ತು. ನಿಂತಿದ್ರ ಚಿಂತಿ ಇದ್ದಿಲ್ಲ, ಹತ್ತು ಮಾರು ಹಿಂದಕ್ಕ ಸರೀತು. ಯಾರಿಗೂ ಏನೂ ಆಗ್ಲಿಲ್ಲ. ಆದ್ರ ಹೊಸ ಹೆಣ್ಣು ಗಂಡನ ಮನಿಗೆ ಹೊಂಟ ಗಾಡಿ ಹಿಂದಕ್ಕ ಸರೀಬಾರ್ದಂತ. ಅತ್ತಿ ಅಳಾಕ ಹತ್ತಿದ್ಲು. ಮಾವ ಇಳ್ದು ಶಲ್ಯ ಝಾಡಿಸಿ, "ಇವತ್ತು ಬ್ಯಾಡಯ್ಯಾ, ಒಳ್ಳೆ ದಿನ ನೋಡಿ ಹೇಳ್ತೀನಿ" ಅಂದ. ಎದುರಿಗೆ ಬಂದ ಬಸ್ಸು ನಿಲ್ಸಿ ಎಲ್ಲಾರ್ನೂ ಹತ್ತಿಸ್ಕೊಂಡು ವಾಪಸ್ ಮದ್ದಿಕೇರಿಗೆ ಹೋದ. ಕಿಟಕ್ಯಾಗಿಂದ ನಿಮ್ಮ ಅಜ್ಜಿ ನನ್ನಾ ನೋಡ್ತಿದ್ಲು. ನಾ ನಾಚಿಕಿಗೆ ಬಾನೆಟ್ಟಿನಾಗ ತಲಿ ಹಾಕಿ ನಿಂತೆ. ಆಮ್ಯಾಲ ಅರ್ಧ ಸಾಮಾನು ಇಳಿಸಿ, ಎರಡು ಸಲ ಏರು ಹತ್ತಿಸಿ, ಒಬ್ಬವನಾ ಆದೋನಿಗೆ ಬಂದೆ.

ಜಿನ್ನಿನ ಹಿಂದ ನನ್ನ ಖೋಲಿ. ಆಕಿ ಮಂಚ ಐತಿ, ಆಕಿ ಟ್ರಂಕು ಐತಿ, ಆಕಿ ಬೀಸೋ ಕಲ್ಲು ಐತಿ, ಆಕಿ ಇಲ್ಲ. ಮಂಚದ ಮ್ಯಾಲ ಮಲಗಾಕ ಮನಸ್ಸಾಗ್ಲಿಲ್ಲ, ನೆಲಕ್ಕ ಮಲಗ್ತಿದ್ದೆ. ಬೀಸೋ ಕಲ್ಲಿನ ಮ್ಯಾಲ ಹತ್ತಿ ಧೂಳು ಕೂಡ್ತಿತ್ತು. ಬಿಲ್ಲಿ ಒರಸೋದು ಬಿಟ್ಟು ಕಲ್ಲು ಒರಸಾಕ ಹತ್ತಿದೆ. ಅಷ್ಟು ಒಂಟಿ ನಾ ಯಾವತ್ತೂ ಇದ್ದಿಲ್ಲ, ನಿಜ ಹೇಳ್ತೀನಿ. ಮಾವ ದಿನ ಹೇಳ್ತಾನಂತ ಕಾಯ್ದೆ, ಹೇಳ್ಲಿಲ್ಲ. ನಾನೂ ಬಾ ಅಂತ ಒಂದು ಕಾರ್ಡು ಹಾಕ್ಲಿಲ್ಲ. ಯಾವ ಮುಖ ಇಟ್ಕೊಂಡು ಹಾಕ್ಲಿ? ಐದು ತಿಂಗಳು ಹಂಗಾ ಹೋತು.

ಒಂದಿನ ಮೆಕ್ಯಾನಿಕ್ ಖಾದರಸಾಬನ ಮುಂದ ಕುಂತು, "ಬಿಲ್ಲಿ ಸುಳ್ಳು, ಕಂಪನಿಯವ್ರು ಮೋಸ ಮಾಡ್ಯಾರ" ಅಂತ ಬೈದೆ. ಆತ ನಕ್ಕ. "ಅರೆ ಭಾಯ್, ಸುಳ್ಳಲ್ಲ. ಕಂಪನ್ಯಾಗ ಎಂಜಿನ್ ಒಂದನ್ನಾ ಸ್ಟ್ಯಾಂಡಿನ ಮ್ಯಾಲ ಇಟ್ಟು ಅಳೀತಾರ. ಗೇರಿಲ್ಲ, ಗಾಲಿ ಇಲ್ಲ, ಏರಿಲ್ಲ. ಗಾಲಿಗೆ ಬರೋದ್ರಾಗ ಎಷ್ಟೋ ಬಲ ಹೋಗಿರ್ತೈತಿ. ಕೇಳಿದ್ರ ಅವತ್ತಾ ಹೇಳ್ತಿದ್ದೆ, ನೀ ಎಲ್ಲಿ ಕೇಳ್ದೆ?"

ಆ ಮಾತು ಎದಿಗೆ ನಾಟ್ತು. ಕಾರ್ಡು ಬರ್ದೆ: ತಪ್ಪು ಗಾಡೀದಲ್ಲ, ನಂದು, ನೀ ಬಾ. ಕಾರ್ಡು ಮುಟ್ಟಿದ ಮರುದಿನಾನೇ ಆಕಿ ಮಾವನ್ನ ಹೊಂಡಿಸ್ಕೊಂಡು, ರೈಲು ಹತ್ತಿ, ಗುಂತಕಲ್ಲಿನಾಗ ಬದಲಿಸಿ ಬಂದ್ಲು, ಕೈಯಾಗ ಒಂದು ಚೀಲ ಅಷ್ಟಾ. "ಇಷ್ಟು ದಿನ ಯಾಕ ಬರ್ಲಿಲ್ಲ?" ಅಂದೆ. "ನೀವು ಎಲ್ಲಿ ಕರದ್ರಿ?" ಅಂದ್ಲು.

ಈಗ ಆಕಿ ತೀರ್ಕೊಂಡು ಮೂರು ವರ್ಷಾತು, ಮತ್ತ ಆ ಕಲ್ಲು ನಾನಾ ಒರಸ್ತೀನಿ. ಆ ಐದು ತಿಂಗಳು ಈಗ ಸಿಕ್ರ ಏನು ಬೇಕಾದ್ರೂ ಕೊಡ್ತೀನಪ್ಪ. ನಿನ್ನ ಎಚ್‌ಪಿ ಎಷ್ಟಾರ ಇರ್ಲಿ, ಫೋನ್ ತಗಿ. ತಗಿಯೋ. ಬಾ ಅನ್ನು ನಿನ್ನ ಹೆಂಡ್ತಿಗೆ.