ಕಂಬಳಿ ಕೆಳಗಿನ ಕಲ್ಲು

ಯಾಕ್ ನಗ್ಬಾರ್ದು? ನಗ್ತೀನಿ! ಇಡೀ ವಾರ್ಡು ಕೇಳಿಸ್ಕೊಳ್ಳಿ! ಆ ನರ್ಸಮ್ಮ ‘ಸತ್ತಂ ಪೋಡಾದೀಂಗ’, ಗಲಾಟೆ ಮಾಡ್ಬೇಡಿ ಅಂತ ತಮಿಳಲ್ಲಿ ಕಣ್ ಬಿಟ್ರೆ ಬಿಡ್ಲಿ. ಈ ಹೊಸೂರ್ ಆಸ್ಪತ್ರೆಗೆ ಬಂದಾಗಿನಿಂದ ಪಿಸುಪಿಸು ಅಂತಾನೇ ಮಾತಾಡಿದ್ದಾಯ್ತು, ಇವತ್ತು ಈ ಕನಕಮ್ಮನ ಬಾಯಿ ಮುಚ್ಚಾಕಿಲ್ಲ. ಇಗಾ, ಮುನೀಶನಪ್ಪಾ, ಇತ್ತಾಗ್ ತಿರುಗು. ಡಾಕ್ಟ್ರಮ್ಮ ಈಗ್ ತಾನೇ ಹೇಳಿದ್ರು... ಕ್ಯಾನ್ಸರ್ ಅಲ್ವಂತೆ ಕಣಯ್ಯಾ! ಅಲ್ಲ! ನಿನ್ ಹೊಟ್ಟೇಲಿರೋದು ಬರೀ ನರದ ಗಡ್ಡೆ!

ಆ ಮೊದಲ್ನೇ ಡಾಕ್ಟ್ರು ಸ್ಕ್ಯಾನ್ ನೋಡಿದ್ದೇ ತಡ, ಕ್ಯಾನ್ಸರ್ ತರಾನೇ ಐತೆ ಅಂದ್ಬುಟ್ರಲ್ಲಾ! ಬಾಯೊಳಗೆ ಪೈಪ್ ಬಿಟ್ಟು ಚೂರು ಕಿತ್ತು ಟೆಸ್ಟ್ ಮಾಡಿದ್ರೆ, ಅದ್ರಾಗೆ ಏನೂ ಸಿಗ್ಲಿಲ್ಲ. ಸಿಗ್ದೆ ಇದ್ರೂ ನಂಬಾಕಾಗಲ್ಲ ಅಂದ್ರು. ಈ ಡಾಕ್ಟ್ರಮ್ಮ ನೋಡು, ಪಕ್ಕದಾಗೆ ಕೂರಿಸ್ಕೊಂಡು ಹೇಳಿದ್ರು... ಕಂಬ್ಳಿ ಕೆಳಗೆ ಕಲ್ಲಿದ್ರೆ, ಮೇಲಿಂದ ಎಷ್ಟ್ ಕಿತ್ರೂ ಉಣ್ಣೆ ತಾನೇ ಕೈಗೆ ಬರೋದು? ಗಡ್ಡೆ ಹೊಟ್ಟೆ ಗೋಡೆ ಒಳಗೈತೆ, ಸ್ಕ್ಯಾನಾಗೆ ನೋಡ್ಕೊಂಡೇ ಸೂಜಿ ಹಾಕ್ಬೇಕು ಅಂತ. ಹಾಕಿದ್ರು, ನರದ ಗಡ್ಡೆ ಅಂತ ಗೊತ್ತಾಯ್ತು. ಅಪ್ರೂಪಕ್ಕೆ ಬರೋದಂತೆ, ನೋಡಾಕೆ ಮಾತ್ರ ಕ್ಯಾನ್ಸರ್ ಇದ್ದಂಗೇ ಇರ್ತದಂತೆ. ಅದೊಂದ್ನ ಕುಯ್ದು ತೆಗೆದ್ರೆ ಮುಗೀತು!

ಏನಯ್ಯಾ ಹಂಗ್ ನೋಡ್ತೀಯಾ? ಖುಷಿ ಆಗ್ಲಿಲ್ವಾ?

...ಓ. ನಿಂಗೆ ಹುಣ್ಣು ಅಂತ ಹೇಳಿದ್ದೆ, ಅಲ್ವಾ? ಗ್ಯಾಸಿಂದ ಆಗಿರೋ ಹುಣ್ಣು...

ಹೂಂ, ಮುಚ್ಚಿಟ್ಟೆ! ಏನೀಗ? ನಮ್ ಕಡೆ ಯಾರ್ ಹೇಳ್ತಾರೆ ಕಾಯಿಲೆಯವ್ರ ಮುಂದೆ ಆ ಹೆಸ್ರ? ನಿಮ್ಮಪ್ಪಂಗೆ ನೀನ್ ಹೇಳಿದ್ದಾ? ಕೊನೇವರ್ಗೂ ‘ಬರೀ ಸುಸ್ತು ಕಣಪ್ಪಾ’ ಅಂತಿದ್ದೋನು ನೀನೇ ತಾನೇ? ಅತ್ರೆ ನಿಂಗ್ ಗೊತ್ತಾಗ್ಬುಡ್ತದೆ ಅಂತ ಬಚ್ಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ ಕಣಯ್ಯಾ. ತಿರ್ಗಾ ಬಂದ್ರೂ ಮುಚ್ಚಿಡ್ತೀನಿ. ಬೈಕೋ!

ಬೈಯಾಕಿಲ್ವಾ?

ಆ ಡಬ್ಬಿ ಯಾಕ್ ದೂರ ತಳ್ತೀಯಾ? ಉಪ್ಸಾರು ಕಣಯ್ಯಾ, ನಿನ್ ತಂಗಿ ಅಂಜಮ್ಮ ಗುಮ್ಮಳಾಪುರದಿಂದ ಬಸ್ಸಲ್ಲಿ ಹೊತ್ಕೊಂಡ್ ಬಂದಿದ್ದು. ಬಾವಿ ಜಗಳ ಆದ್ಮೇಲೆ ನಮ್ಮನೆ ಹೊಸ್ಲು ತುಳೀದೇ ಇದ್ದೋಳು. ನೀನು ‘ನನ್ ತಂಗಿ ತಾನಾಗೇ ಬಂದ್ಲು, ತಾನಾಗೇ ಬಂದ್ಲು’ ಅಂತ ವಾರ್ಡಿಗೆಲ್ಲ ಹೇಳ್ಕೊಂಡೆ... ಅವ್ಳ ಕೈತುತ್ತು ಉಂಡು ಕಣ್ಣೀರ್ ಹಾಕ್ದೆ...

ಹಂಗ್ ನೋಡ್ಬೇಡ ಕಣಯ್ಯಾ.

ನಾನೇ ಫೋನ್ ಮಾಡ್ದೆ! ‘ನಿಮ್ಮಣ್ಣ ಉಳಿಯಾಕಿಲ್ಲ, ಮೊಖ ನೋಡ್ಕೊಂಡ್ ಹೋಗು’ ಅಂದೆ. ಬಂದ್ಲಾ ಇಲ್ವಾ? ಬಂದ್ಲು ತಾನೇ?

ಈಗ್ಲೂ ಮಾಡ್ತೀನಿ ತಗೋ. ನಿಮ್ಮಣ್ಣ ಗಟ್ಟಿಯಾಗವ್ನೆ, ಇನ್ನೂ ಬದುಕ್ತಾನೆ ಅಂತೀನಿ. ನಾಳೆನೇ ಬತ್ತಾಳೆ. ಯಾಕ್ ಬರಾಕಿಲ್ಲ?... ಏನಾದ್ರೂ ಅನ್ನಯ್ಯಾ. ಸಾಯ್ತಾವ್ನೆ ಅಂದಿದ್ಕೆ ಬಂದೋಳು... ಬದುಕ್ತಾನೆ ಅಂದ್ರೂ ಬತ್ತಾಳೆ... ಅಲ್ವಾ?