ಮಳೆಯಲ್ಲಿ ನೆನೆಯದ ಸೀಟು

ಸುದ್ದಗುಂಟೆಪಾಳ್ಯದ ಆ ಪಿಜಿಯಲ್ಲಿ ಸಂಜೆಯ ಮಳೆಗೆ ಕರೆಂಟು ಹೋಯಿತೆಂದರೆ ಹುಡುಗಿಯರೆಲ್ಲ ಬಾಲ್ಕನಿಗೆ ಬಂದು ಕೂರುತ್ತಾರೆ. ಮನೆಯೊಡತಿ ಮುನಿಲಕ್ಷ್ಮಮ್ಮನೂ ಎಲೆಯಡಿಕೆ ಚೀಲ ಹಿಡಿದು ಬರುತ್ತಾಳೆ. ಒಂದು ಕಾಲಕ್ಕೆ ಇದೇ ನೆಲದಲ್ಲಿ ರಾಗಿ ಬೆಳೆದವಳು, ಈಗ ಬಾಡಿಗೆ ಬೆಳೆಯುತ್ತಾಳೆ.

ಅವತ್ತು ಸಮನ್ವಿತಾಳ ಮೈಯೆಲ್ಲ ಉರಿಯುತ್ತಿತ್ತು. ಅವಳು ಪ್ರೀತಿಸುವ ಚಿದಾನಂದ್ ಅವಳನ್ನು ಹಳೆಯ ನಂಟಿನ ದೋಷ ಕಳೆಯುವ ತಡೆ ಒಡೆಸುವ ಶಾಸ್ತ್ರಕ್ಕೆ ಕರೆದೊಯ್ಯಲು ಇನ್ನೇನು ಬರುವವನಿದ್ದ. ಹಿಂದೊಬ್ಬನನ್ನು ಪ್ರೀತಿಸಿದ್ದೆ ಎಂದು ಅವನನ್ನು ನಂಬಿ ಹೇಳಿಕೊಂಡದ್ದೇ ತಪ್ಪಾಗಿತ್ತು. ಆಮೇಲೆ ಜಯನಗರದಲ್ಲಿ ಕಾಫಿಗೆ ಕೂತರೂ ಚಿದಾನಂದನ ಬಾಯಲ್ಲಿ ಆ ಹಳೆಯವನದೇ ಮಾತು. ಆ ನೆರಳು ಕಳೆದರೇನೇ ಮದುವೆ ಎಂದು ಚಿದಾನಂದನ ತಾಯಿಯ ತೀರ್ಪು. ಚಿದಾನಂದನಿಗೂ ಒಬ್ಬಳಿದ್ದಳಲ್ಲ, ಅವನೇ ಮಾತು ಕೊಟ್ಟು ಕೈಬಿಟ್ಟವಳು? ಅದಕ್ಕೆ ಆ ಮನೆಯಲ್ಲಿ ಹುಡುಗಾಟ ಎಂದು ಹೆಸರು. ಅದೇ ಹೆಣ್ಣು ಮಾಡಿದರೆ ಮೈಲಿಗೆ!

“ಹೋಗ್ಲಿ ಬಿಡೆ, ಒಂದು ನಿಂಬೆಹಣ್ಣು ತುಳಿದ್ರೆ ಮುಗೀತು,” ಎಂದಳು ಗೆಳತಿ ದಿವ್ಯ.

“ತುಳೀಬೇಕಾದೋರು ಯಾರು ಅಂತ ತಿಳ್ಕೊಂಡು ತುಳೀರವ್ವಾ,” ಎಂದಳು ಮುದುಕಿ. ಎಲೆಗೆ ಸುಣ್ಣ ಸವರಿ ಶುರುಮಾಡಿದಳು.

“ನಿಮ್ಮ ರೂಮಲ್ಲೇ ಶ್ವೇತ ಅಂತ ಒಬ್ಳಿದ್ಲು... ಅವಳ ಹುಡುಗ ದಿನೇಶನೂ ಹಿಂಗೇ, ನಿನ್ನ ಹಳೇ ನಂಟು ಕಳೀಬೇಕು ಅಂತ ಬೈಕ್ ತಂದು ಗೇಟ್ ಮುಂದೆ ನಿಲ್ಲಿಸ್ದ. ಇಂಥದೇ ಮಳೆ. ಬೈಕಿನ ಟ್ಯಾಂಕ್ ಮೇಲಿಂದ ನೀರು ಸುರೀತಾ ಇತ್ತು, ಅವನೂ ತೊಪ್ಪೆ... ಹಿಂದಿನ ಸೀಟು ಮಾತ್ರ ಒಣಾ ಒಣಾ! ಶ್ವೇತ ಏನೋ ಅನ್ಕೊಂಡು ಹತ್ತಿದ್ಲು. ಬನಶಂಕರಿ ಕಡೆ, ಮೂರು ದಾರಿ ಕೂಡೋ ಜಾಗದಲ್ಲಿ ತಡೆ ಒಡೆಯೋರು ಬೂದುಗುಂಬಳ ನಿವಾಳ್ಸಿ ಒಡೆದ್ರು. ದಾಟ್ಕೊಂಡು ಹೋಗ್ತಾ ಇರಿ, ಏನೇ ಕೇಳ್ಸಿದ್ರೂ ತಿರುಗಿ ನೋಡ್ಬೇಡಿ ಅಂದ್ರು. ಶ್ವೇತ ನೋಡ್ಲಿಲ್ಲ ಕಣ್ರವ್ವಾ. ಯಾಕೆ ನೋಡ್ತಾಳೆ? ಅವಳು ಹಳೇದನ್ನ ಅತ್ತು ಮುಗಿಸಿದ್ಲು. ನೋಡಿದ್ದು ಅವನು! ‘ದಿನೀ... ಬರ್ತೀನಿ ಅಂದಿದ್ಯಲ್ಲ’ ಅಂತ ಹೆಣ್ಣಿನ ದನಿ ಕೇಳ್ತಂತೆ. ಅವನು ಕೈಬಿಟ್ಟೋಳದ್ದು.

“ಸತ್ತಿದ್ಲಾ? ಎಲ್ಲಿ ಸಾಯ್ತಾಳೆ, ಇಂಥೋನಿಗೋಸ್ಕರ? ಮಂಡ್ಯದಲ್ಲಿ ಗಟ್ಟಿಮುಟ್ಟಾಗಿ ಅವಳೆ. ಆದ್ರೆ ಕಾಯಿಸಿ ಬುಟ್ಟೋದ ಜಾಗದಲ್ಲಿ ಹೆಣ್ಣಿನ ಒಂದು ಪಾಲು ನಿಂತ್ಕೋತದೆ... ಆಮೇಲೆ ಬೆನ್ನು ಹತ್ತಿ ಬರ್ತದೆ. ಅವನು ತಿರುಗಿ ನೋಡೋಗಂಟ ಸುಮ್ಕೆ ಹಿಂದೆ ಕೂತಿರ್ತದೆ. ನೋಡಿದ್ನೋ, ಇನ್ನು ಜನ್ಮಕ್ಕೆ ಇಳಿಯಲ್ಲ! ಶ್ವೇತ ಆಟೋ ಹತ್ಕೊಂಡು ಬಂದ್ಲು. ದಿನೇಶನ ಬೈಕಿಗೆ ಮತ್ಯಾವ ಹೆಣ್ಣೂ ಹತ್ತಲಿಲ್ಲ.”

“ಅಜ್ಜೀ, ಸುಮ್ನೆ ಹೆದರಿಸ್ಬೇಡಿ,” ಎಂದು ದಿವ್ಯ ನಗಲು ನೋಡಿದಳು.

ಕೆಳಗೆ ಹಾರ್ನ್ ಕೇಳಿಸಿತು. ಸಮನ್ವಿತಾ ಕಂಬಿಗೆ ಒರಗಿ ಬಗ್ಗಿದಳು. ರೇನ್‌ಕೋಟಿನಲ್ಲಿ ಚಿದಾನಂದ್ ಬೈಕಿನ ಮೇಲೆ ಕೂತಿದ್ದ. “ಬಾರೇ ಬೇಗ, ಅಮ್ಮ ಅಲ್ಲಿ ಕಾಯ್ತಾವ್ರೆ!”

ಹೆಲ್ಮೆಟ್ಟಿನಿಂದ, ಹ್ಯಾಂಡಲ್ಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನ ಹಿಂದಿನ ಸೀಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಅವಳಿಗೆ ಭಯವಾಗಲಿಲ್ಲ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

“ನಾನು ಬರಲ್ಲ ಕಣೋ! ಹಿಂದೆ ಕೂತಿದಾಳಲ್ಲ, ಮೊದ್ಲು ಅವಳಿಗೆ ಉತ್ತರ ಹೇಳು!”

“ಯಾರೇ?” ಎಂದು ಚಿದಾನಂದ್ ಹಿಂದಕ್ಕೆ ತಿರುಗಿದ.

ಮುನಿಲಕ್ಷ್ಮಮ್ಮ ಅಗಿಯುವುದನ್ನು ನಿಲ್ಲಿಸಿದಳು.

“ಅಯ್ಯೋ... ನೋಡ್ಬುಟ್ನಲ್ಲೇ.”