ಮಳೆರಾಯನ ತಲೆಗೆ ಸುರಿದ ನೀರು

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಾನು ಹಿರಿಯೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ರಾಂಪುರದ ಕಡೆಗೆ ಹೊರಟಿದ್ದ ಇಬ್ಬರು ಅಕ್ಕಪಕ್ಕದ ಮನೆಯವರು: ವಯಸ್ಸಾದ ಉಚ್ಚಂಗೆಮ್ಮ, ಮತ್ತೆ ಮತ್ತೆ ಫೋನ್ ಹಚ್ಚುತ್ತಿದ್ದ ಆಶಾ.

“ತೆಗೆದ್ನಾ ನಿನ್ ಗಂಡ?”

“ಇಲ್ಲ, ಸ್ವಿಚ್ ಆಫ್ ಅಂತೈತೆ. ಮೀನಿನ ಬೋಟು ಇನ್ನೂ ಮಲ್ಪೆಗೆ ವಾಪಸ್ ಬಂದಿಲ್ವಂತೆ.”

“ಬರ್ತಾನೆ ಬಿಡು. ಸಮುದ್ರದಾಗೆ ಗಾಳಿ ಏನ್ ಹೊಸದಾ?”

“ವಾಯುಭಾರ ಕುಸಿತ ಅಂತ ಟಿವಿಯಾಗೆ ಹೇಳ್ತಾ ಐದಾರೆ. ಚಂಡಮಾರುತ ಆದ್ರೂ ಆಗ್ಬೋದಂತೆ. ನಮ್ ಕಡೀಗೂ ಮಳೆ ತರ್ತೈತಂತೆ.”

“ಮಳೇನಾ! ನಮ್ ಶೇಂಗಾ ಕಾಯಿ ಕಟ್ಟೋ ಹೊತ್ತು. ನಿನ್ನೆ ಮಳೆರಾಯನ್ನ ಮನೆಮನೆಗೆ ಹೊತ್ಕಂಡು ಬಂದಿದ್ದು ಸುಳ್ಳಾಗ್ಲಿಲ್ಲ ನೋಡು.”

“ಆ ಮಣ್ಣಿನ ಗೊಂಬೆ ತಲೆಗೆ ನಾನೂ ನೀರು ಸುರಿದೆ. ಎಲ್ರೂ ಚೊಂಬಿನಾಗೆ ಸುರಿದ್ರೆ ನಾನು ಕೊಡಾನೇ ಬಗ್ಗಿಸ್ದೆ.”

“ನಾವು ಕೇಳಿದ್ದು ಮಳೇನ ಕಣೇ, ಗಾಳೀನಲ್ಲ.”

“ಎರಡೂ ಒಂದೇ ಕಡೆಯಿಂದ ಬರ್ತಾವಲ್ಲ.”

ಉಚ್ಚಂಗೆಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

“ಇವತ್ತೂ ಮಳೆರಾಯನ್ನ ತರ್ತಾರೆ. ನಾನೇನ್ ಮಾಡ್ಲಿ?” ಆಶಾ ಕೇಳಿದಳು.

“ಬಾಗ್ಲು ಹಾಕ್ಕ.”

“ನೀವು?”

“ನಾನೂ ಹಾಕ್ಕಂತೀನಿ.”

“ನಿಮ್ ಶೇಂಗಾ?”

“ನೀನು ಸುಮ್ನೆ ಫೋನ್ ಹಚ್ಚು.”

ರಾಂಪುರದ ಬಸ್ಸು ಬಂತು. ಆಶಾ ಫೋನನ್ನು ಕಿವಿಯಿಂದ ಇಳಿಸದೆಯೇ ಹತ್ತಿದಳು. ಉಚ್ಚಂಗೆಮ್ಮ ಮೆಟ್ಟಿಲ ಮೇಲೆ ನಿಂತು, ಪಡುವಣದಲ್ಲಿ ಕಟ್ಟುತ್ತಿದ್ದ ಮೋಡದ ಕಡೆಗೆ, ಹೊಲಕ್ಕೆ ನುಗ್ಗಿದ ಕುರಿಗಳನ್ನು ಅಟ್ಟುವಂತೆ ಕೈ ಬೀಸಿದರು.